ಕಂಪ್ಯೂಟರ್ ಆನ್ ಆಗ್ತಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ಆಯುಧಪೂಜೆಯ ಮಾರನೇ ದಿನ ಬೆಳಿಗ್ಗೆ ತಿಪಟೂರಿನಿಂದ ಚಿಕ್ಕಪ್ಪನ ಫೋನ್. "ಲೋ, ಸಿಪಿಯು ಆನೇ ಆಗ್ತಿಲ್ಲ ಕಣೋ. ನಿನ್ನೆ ಪೂಜೆ ಮಾಡಿದ್ವಿ, ಇವತ್ತು ನೋಡಿದ್ರೆ ಸತ್ತು ಹೋಗಿದೆ." ಪೂಜೆಗೆ ಮುಂಚೆ ವೈರೆಲ್ಲ ಕಿತ್ತು, ಡಬ್ಬವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ರಾತ್ರಿ ವೈರ್‌ಗಳನ್ನು ಮತ್ತೆ ಚುಚ್ಚಿಟ್ಟಿದ್ದರು. ನನಗಿಂತ ಮೊದಲು ಒಂದು ಅಂಗಡಿಗೂ ಫೋನ್ ಮಾಡಿ ಆಗಿತ್ತು. ಅವರು ಯಂತ್ರದ ಮುಖ ಕೂಡ ನೋಡದೆ "ಮದರ್‌ಬೋರ್ಡ್ ಹೋಗಿರಬೇಕು ಸಾರ್" ಅಂದಿದ್ದರಂತೆ.

ಮದರ್‌ಬೋರ್ಡ್ ಹೋಗಿರಲಿಲ್ಲ. ಫೋನಿನಲ್ಲೇ ಒಂದು ಗಂಟೆ ಕೂತು ಸರಿ ಮಾಡಿದೆವು, ಖರ್ಚಾಗಿದ್ದು ಒಂದು ಬಿಲ್ಲೆ ಬ್ಯಾಟರಿಯ ದುಡ್ಡು ಅಷ್ಟೇ. ಆ ಒಂದು ಗಂಟೆಯನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಬಟನ್ ಒತ್ತಿದ ಮೇಲೆ ಒಳಗೆ ಏನಾಗುತ್ತದೆ

ಮೊದಲು ಒಂದು ಹೆಸರಿನ ಗೊಂದಲ. ನಾವೆಲ್ಲ ಸಿಪಿಯು ಅನ್ನುವುದು ಇಡೀ ಡಬ್ಬಕ್ಕೆ. ನಿಜವಾದ ಸಿಪಿಯು ಅದರೊಳಗೆ ಫ್ಯಾನಿನ ಕೆಳಗೆ ಕೂತಿರುವ ಬೆಂಕಿಪೊಟ್ಟಣದಷ್ಟು ಚಿಪ್. ಡಬ್ಬಕ್ಕೆ ಕ್ಯಾಬಿನೆಟ್ ಅನ್ನೋಣ. ಒಳಗಿನ ದೊಡ್ಡ ಹಲಗೆ ಮದರ್‌ಬೋರ್ಡ್, ಉಳಿದದ್ದೆಲ್ಲ ಅದಕ್ಕೇ ಅಂಟಿಕೊಂಡಿರುತ್ತದೆ.

ಮಹಡಿ ಮೇಲಿನ ನಲ್ಲಿಯಲ್ಲಿ ನೀರು ಬರಲಿಲ್ಲ ಅಂದರೆ ಯಾರೂ ಮೊದಲು ನಲ್ಲಿ ಬದಲಾಯಿಸುವುದಿಲ್ಲ. ಕರೆಂಟ್ ಇದೆಯಾ, ಮೋಟರ್ ಓಡುತ್ತಿದೆಯಾ, ಸಂಪಿನಲ್ಲಿ ನೀರಿದೆಯಾ, ಟ್ಯಾಂಕ್ ತುಂಬಿದೆಯಾ ಅಂತ ಕೆಳಗಿನಿಂದ ಒಂದೊಂದೇ ನೋಡುತ್ತಾ ಹೋಗುತ್ತೇವೆ. ಕಂಪ್ಯೂಟರ್ ಏಳುವುದೂ ಹೀಗೇ, ಒಂದಾದ ಮೇಲೊಂದು.

ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ಕರೆಂಟನ್ನು ಎಸ್‌ಎಂಪಿಎಸ್ ಅನ್ನುವ ಪೆಟ್ಟಿಗೆ 12, 5 ಮತ್ತು 3.3 ವೋಲ್ಟಿಗೆ ಇಳಿಸುತ್ತದೆ. ಇಳಿಸಿದ ಕರೆಂಟ್ ಸ್ಥಿರವಾಯಿತು ಅನಿಸಿದ ಮೇಲೆ ಮದರ್‌ಬೋರ್ಡಿಗೆ ಒಂದು ಸಂಕೇತ ಕೊಡುತ್ತದೆ. ಅಲ್ಲಿಯವರೆಗೆ ಸಿಪಿಯು ಕೈಕಟ್ಟಿ ಕೂತಿರುತ್ತದೆ. ಸಂಕೇತ ಸಿಕ್ಕಿದ್ದೇ ಅದು ಮದರ್‌ಬೋರ್ಡ್ ಮೇಲಿನ ಪುಟ್ಟ ಚಿಪ್ಪಿನಲ್ಲಿರುವ ಬಯಾಸ್ ಅನ್ನುವ ಪ್ರೋಗ್ರಾಮನ್ನು ಓದಲು ಶುರುಮಾಡುತ್ತದೆ. ಹೊಸ ಯಂತ್ರಗಳಲ್ಲಿ ಇದರ ಹೆಸರು ಯುಇಎಫ್ಐ, ಆದರೂ ಬಾಯಲ್ಲಿ ಉಳಿದಿರುವುದು ಬಯಾಸ್.

ಬಯಾಸ್ ಮಾಡುವ ಮೊದಲ ಕೆಲಸ ಹಾಜರಿ ಕರೆಯುವುದು. ಸಿಪಿಯು ಇದೆಯಾ, ರ‍್ಯಾಮ್ ಇದೆಯಾ, ಚಿತ್ರ ತೋರಿಸುವ ಭಾಗ ಇದೆಯಾ? ಈ ಹಾಜರಿಗೆ ಪೋಸ್ಟ್ ಅಂತ ಹೆಸರು. ಬಸ್ಸಿನಲ್ಲಿ ಕಂಡಕ್ಟರ್ ಒಂದು ಸಲ ತಲೆ ಎಣಿಸಿ ಆಮೇಲೆ "ರೈಟ್ ರೈಟ್" ಅನ್ನುತ್ತಾರಲ್ಲ, ಹಾಗೆ. ಮುಖ್ಯವಾದ ಒಂದು ತಲೆ ಕಮ್ಮಿಯಾದರೂ ಬಸ್ಸು ಹೊರಡುವುದಿಲ್ಲ. ಎಲ್ಲ ಸರಿ ಇದ್ದರೆ ಕಂಪನಿಯ ಲೋಗೋ ಬರುತ್ತದೆ. ಆಮೇಲೆ ಬಯಾಸ್ ಡಿಸ್ಕಿನಲ್ಲಿ ವಿಂಡೋಸ್ ಎಲ್ಲಿದೆ ಅಂತ ಹುಡುಕಿ ಕೆಲಸವನ್ನು ಅದಕ್ಕೆ ಒಪ್ಪಿಸುತ್ತದೆ.

ಕರೆಂಟ್, ಹಾಜರಿ, ಡಿಸ್ಕ್ ಹುಡುಕಾಟ, ವಿಂಡೋಸ್. "ಆನ್ ಆಗ್ತಿಲ್ಲ" ಅನ್ನುವ ಒಂದೇ ಮಾತು ಈ ನಾಲ್ಕರಲ್ಲಿ ಯಾವುದೂ ಆಗಿರಬಹುದು. ಅದಕ್ಕೇ ನಾನು ಚಿಕ್ಕಪ್ಪನಿಗೆ ಕೇಳಿದ ಮೊದಲ ಪ್ರಶ್ನೆ: "ಬಟನ್ ಒತ್ತಿದಾಗ ಏನಾದ್ರೂ ಶಬ್ದ ಬರುತ್ತಾ, ಚಿಕ್ಕಪ್ಪ? ಎಲ್ಲಾದ್ರೂ ದೀಪ ಹತ್ತುತ್ತಾ?"

ಶಬ್ದ ಇಲ್ಲ, ದೀಪ ಇಲ್ಲ

"ಏನೂ ಇಲ್ಲ." ಇದು ಕೇಳಿದರೆ ಭಯವಾಗುತ್ತದೆ, ಆದರೆ ಸುಲಭವಾಗಿ ಬಗೆಹರಿಯುವುದೂ ಜಾಸ್ತಿ ಇದೇ. ಕರೆಂಟ್ ಒಳಗೇ ಹೋಗುತ್ತಿಲ್ಲ ಅಂತ ಅರ್ಥ.

ಕ್ಯಾಬಿನೆಟ್ ಹಿಂದೆ, ಪವರ್ ವೈರ್ ಚುಚ್ಚುವ ಜಾಗದ ಪಕ್ಕದಲ್ಲೇ, ಸಾಮಾನ್ಯವಾಗಿ ಒಂದು ಚಿಕ್ಕ ಕಪ್ಪು ಸ್ವಿಚ್ ಇರುತ್ತದೆ. ಒಂದು ಕಡೆ ಗೀಟು, ಇನ್ನೊಂದು ಕಡೆ ಸೊನ್ನೆ. ಗೀಟಿನ ಕಡೆ ಒತ್ತಿದ್ದರೆ ಆನ್, ಸೊನ್ನೆಯ ಕಡೆ ಒತ್ತಿದ್ದರೆ ಆಫ್. ವರ್ಷಗಟ್ಟಲೆ ಯಾರೂ ಮುಟ್ಟದ ಸ್ವಿಚ್ ಇದು, ಹಾಗಾಗಿ ಅದು ಅಲ್ಲಿದೆ ಅನ್ನುವುದೇ ಮರೆತುಹೋಗಿರುತ್ತದೆ. ಒರೆಸುವಾಗ ಬಟ್ಟೆ ತಗುಲಿ ಅದು ಸೊನ್ನೆಗೆ ಬಿದ್ದಿತ್ತು. ಚಿಕ್ಕಪ್ಪ ಮೇಜಿನ ಕೆಳಗೆ ಟಾರ್ಚ್ ಹಿಡಿದು ನುಗ್ಗಿ ಅದನ್ನು ಒತ್ತಿದರು. ಫ್ಯಾನ್ ಬುರ್ ಅಂತ ಶುರುವಾದದ್ದು ನನಗೂ ಫೋನಿನಲ್ಲಿ ಕೇಳಿಸಿತು.

ಸ್ವಿಚ್ ಸರಿಯಿದ್ದೂ ಸುಮ್ಮನಿದ್ದರೆ ಮುಂದಿನ ಅನುಮಾನ ಯುಪಿಎಸ್ ಮೇಲೆ. ಮನೆಯ ಯುಪಿಎಸ್ ಒಳಗಿನ ಬ್ಯಾಟರಿ ಮೂರು ವರ್ಷ ಬಾಳಿದರೆ ಹೆಚ್ಚು. ಅದು ಪೂರ್ತಿ ಸತ್ತ ಮೇಲೆ ಕೆಲವು ಯುಪಿಎಸ್‌ಗಳು ಮನೆಯಲ್ಲಿ ಕರೆಂಟ್ ಇದ್ದರೂ ಆನ್ ಆಗುವುದಿಲ್ಲ. ಪರೀಕ್ಷೆ ಸರಳ: ಯುಪಿಎಸ್, ಸ್ಪೈಕ್ ಬಸ್ಟರ್ ಎಲ್ಲವನ್ನೂ ಬಿಟ್ಟು ಕಂಪ್ಯೂಟರಿನ ವೈರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಆ ಪ್ಲಗ್ಗಿನಲ್ಲಿ ಕರೆಂಟ್ ಇದೆ ಅಂತ ಮೊದಲು ಮೊಬೈಲ್ ಚಾರ್ಜರ್ ಹಾಕಿ ಖಚಿತ ಮಾಡಿಕೊಳ್ಳಿ. ವೈರ್ ಮೇಲೂ ಅನುಮಾನ ಇರಲಿ. ಮಾನಿಟರಿನ ಪವರ್ ವೈರ್ ಸಾಮಾನ್ಯವಾಗಿ ಅದೇ ಥರದ್ದಿರುತ್ತದೆ, ಅದಲು ಬದಲು ಮಾಡಿ ನೋಡಬಹುದು.

ಇನ್ನೊಂದು ಉಪಾಯ ಕೇಳಿದರೆ ಮಂತ್ರದ ಥರ ಇದೆ, ಆದರೆ ಕಾರಣ ಇದೆ. ವೈರ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದಿರುವ ಚೂರುಪಾರು ಕರೆಂಟ್ ಖಾಲಿಯಾಗಿ, ಎಲ್ಲೋ ಸಿಕ್ಕಿಹಾಕಿಕೊಂಡ ಸರ್ಕ್ಯೂಟ್ ಹೊಸದಾಗಿ ಶುರುವಾಗುತ್ತದೆ. ಲ್ಯಾಪ್‌ಟಾಪಿಗೂ ಇದು ಎಷ್ಟೋ ಸಲ ಕೆಲಸ ಮಾಡುತ್ತದೆ: ಚಾರ್ಜರ್ ತೆಗೆದು, ಬಟನ್ ಹಿಡಿದು, ಮತ್ತೆ ಚಾರ್ಜರ್ ಹಾಕಿ.

ಇಷ್ಟಕ್ಕೂ ಜಗ್ಗಲಿಲ್ಲ ಅಂದರೆ ಎಸ್‌ಎಂಪಿಎಸ್ ಹೋಗಿರಬಹುದು, ಗುಡುಗು ಮಿಂಚಿನ ಮಾರನೇ ದಿನವಾದರೆ ಇನ್ನೂ ಜಾಸ್ತಿ. ಅದನ್ನು ಇಡಿಯಾಗಿ ಬದಲಾಯಿಸಬೇಕು. ದಯವಿಟ್ಟು ಅದರ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲೆ ಕರೆಂಟ್ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಇರಬಹುದು, ಮುಟ್ಟಿದವರಿಗೆ ಜೀವಕ್ಕೇ ಅಪಾಯ.

ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು

ಚಿಕ್ಕಪ್ಪನ ಎರಡನೇ ವರದಿ: "ಫ್ಯಾನ್ ಓಡ್ತಿದೆ, ಆದ್ರೆ ಟಿವಿಯಲ್ಲಿ ಏನೂ ಬರ್ತಿಲ್ಲ." ಅವರ ಪಾಲಿಗೆ ಮಾನಿಟರ್ ಅಂದರೆ ಟಿವಿ.

ಇಲ್ಲಿ ಎರಡು ಸಾಧ್ಯತೆ. ಕಂಪ್ಯೂಟರ್ ಪೂರ್ತಿ ಎದ್ದಿದೆ, ಚಿತ್ರ ಮಾತ್ರ ಕಣ್ಣಿಗೆ ತಲುಪುತ್ತಿಲ್ಲ. ಅಥವಾ ಹಾಜರಿ ಕರೆಯುವಾಗಲೇ ನಿಂತುಬಿಟ್ಟಿದೆ. ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಬಹುತೇಕ ಎದ್ದಿದೆ, ತಪ್ಪು ಮಾನಿಟರಿನ ಕಡೆ ಇದೆ.

ಚಿಕ್ಕಪ್ಪನ ಮನೆಯಲ್ಲಿ ದೀಪ ಹತ್ತಿತು. ಅವರ ಕ್ಯಾಬಿನೆಟ್ಟಿನಲ್ಲಿ ಮಗಳ ಗೇಮ್‌ಗೆ ಅಂತ ಹಾಕಿಸಿದ ಗ್ರಾಫಿಕ್ಸ್ ಕಾರ್ಡ್ ಇದೆ. ಹಿಂದೆ ನೋಡಿದರೆ ಮಾನಿಟರ್ ವೈರ್ ಚುಚ್ಚಲು ಎರಡು ಕಡೆ ಒಂದೇ ಥರದ ಬಾಯಿ: ಮೇಲೆ ಯುಎಸ್‌ಬಿ ತೂತುಗಳ ಪಕ್ಕ ಮದರ್‌ಬೋರ್ಡಿನದು, ಕೆಳಗೆ ಅಡ್ಡಡ್ಡಲಾಗಿ ಕಾರ್ಡಿನದು. ಕಾರ್ಡ್ ಇದ್ದಾಗ ಚಿತ್ರ ಹೊರಡುವುದು ಸಾಮಾನ್ಯವಾಗಿ ಕಾರ್ಡಿನಿಂದ. ರಾತ್ರಿ ವೈರ್ ಚುಚ್ಚುವಾಗ ಅವರು ಕೈಗೆ ಮೊದಲು ಸಿಕ್ಕ ಮೇಲಿನ ಬಾಯಿಗೆ ಹಾಕಿದ್ದರು. ಕೆಳಗಿನದಕ್ಕೆ ಹಾಕಿದ್ದೇ ತಡ, ಲೋಗೋ ಬಂತು.

ಹಾಜರಿಯಲ್ಲೇ ನಿಂತಿದ್ದರೆ ನಾನು ಮೊದಲು ಕೈ ಹಾಕುವುದು ರ‍್ಯಾಮಿಗೆ. ಕೆಲಸ ಮಾಡುವಾಗ ಕಂಪ್ಯೂಟರ್ ಎಲ್ಲವನ್ನೂ ಹರಡಿಕೊಳ್ಳುವ ಮೇಜು ಇದು. ಅಂಗೈ ಉದ್ದದ ಪಟ್ಟಿ, ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಸಾಲು. ಆ ಹಲ್ಲಿನ ಮೇಲೆ ತೆಳ್ಳಗೆ ಕಿಲುಬು ಅಥವಾ ಧೂಳು ಕೂತರೂ ಸಂಪರ್ಕ ತಪ್ಪುತ್ತದೆ. ಮಳೆಗಾಲದಲ್ಲಿ ಇದು ಜಾಸ್ತಿ. ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್ ಪ್ರತಿ ಜುಲೈನಲ್ಲಿ ಒಂದು ಸಲ ಮುನಿಸಿಕೊಳ್ಳುತ್ತದೆ, ನಾನೂ ಪ್ರತಿ ಸಲ ಅದೇ ಔಷಧಿ ಕೊಡುತ್ತೇನೆ. ವೈರ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಬೇಕು, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿದುಹೋಗಲಿ ಅಂತ. ರ‍್ಯಾಮಿನ ಅಂಚಿನ ಕ್ಲಿಪ್ ಅಗಲಿಸಿದರೆ ಪಟ್ಟಿ ತಾನೇ ಮೇಲೇಳುತ್ತದೆ. ಮಕ್ಕಳ ಪೆನ್ಸಿಲ್ ಬಾಕ್ಸಿನ ಬಿಳಿ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ಒರೆಸಿ, ಮತ್ತೆ ಕೂರಿಸಿ. ಪಟ್ಟಿಯ ಅಂಚಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರಬೇಕು, ಒತ್ತಿದಾಗ "ಟಕ್" ಅನ್ನಬೇಕು. ಟಕ್ ಅನ್ನದಿದ್ದರೆ ಕೂತಿಲ್ಲ. ಎರಡು ಪಟ್ಟಿ ಇದ್ದರೆ ಒಂದೊಂದೇ ಹಾಕಿ ನೋಡಿದರೆ ಕೆಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ. ರಿಪೇರಿಯವರ ಅಂಗಡಿ ಮೇಜಿನ ಮೇಲೆ ಸ್ಕ್ರೂಡ್ರೈವರ್ ಪಕ್ಕ ಒಂದು ರಬ್ಬರ್ ಬಿದ್ದಿರುವುದು ಸುಮ್ನೆ ಅಲ್ಲ.

ಕೆಲವು ಯಂತ್ರಗಳು ಹಾಜರಿಯಲ್ಲಿ ಯಾರು ಬಂದಿಲ್ಲ ಅಂತ ಬೀಪ್ ಶಬ್ದದಲ್ಲಿ ಹೇಳುತ್ತವೆ. ಅವಾರ್ಡ್ ಅನ್ನುವ ಕಂಪನಿಯ ಹಳೆಯ ಬಯಾಸ್‌ನಲ್ಲಿ ಒಂದು ಉದ್ದ ಎರಡು ಗಿಡ್ಡ ಬೀಪ್ ಬಂದರೆ ಚಿತ್ರ ತೋರಿಸುವ ಭಾಗದ ತೊಂದರೆ. ಆದರೆ ಇದು ಎಲ್ಲ ಕಂಪನಿಗೂ ಒಂದೇ ಅಲ್ಲ, ಆದ್ದರಿಂದ ಬೀಪ್ ಎಣಿಸಿ ಬರೆದುಕೊಂಡು ನಿಮ್ಮ ಮಾಡೆಲ್ ಹೆಸರಿನ ಜೊತೆ ಹುಡುಕಿ. ಹೊಸ ಮದರ್‌ಬೋರ್ಡ್‌ಗಳಲ್ಲಿ ಬೀಪ್ ಬದಲು ಪುಟ್ಟ ದೀಪಗಳಿರುತ್ತವೆ, ಪಕ್ಕದಲ್ಲೇ ಸಿಪಿಯು, ಡಿ‌ರ‍್ಯಾಮ್, ವಿಜಿಎ (ಚಿತ್ರ ತೋರಿಸುವ ಭಾಗ), ಬೂಟ್ (ಡಿಸ್ಕ್ ಹುಡುಕಾಟ) ಅಂತ ಬರೆದಿರುತ್ತದೆ. ಯಾವುದು ಹತ್ತಿಕೊಂಡೇ ಇದೆಯೋ ತೊಂದರೆ ಅಲ್ಲಿ.

ಲೋಗೋ ಬಂತು, ಡಿಸ್ಕ್ ಸಿಗಲಿಲ್ಲ

ಚಿಕ್ಕಪ್ಪನ ಸ್ಕ್ರೀನಿನಲ್ಲಿ ಲೋಗೋ ಆದ ಮೇಲೆ ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರದ ಒಂದು ಸಾಲು. ಅವರು ಅಕ್ಷರ ಅಕ್ಷರ ಓದಿದರು: "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್." ನಾನು ಎಲ್ಲ ನೋಡಿದೆ, ವಿಂಡೋಸ್ ಮಾತ್ರ ಎಲ್ಲೂ ಸಿಗಲಿಲ್ಲ ಅನ್ನುತ್ತಿದೆ ಬಯಾಸ್. ಕೆಲವು ಯಂತ್ರಗಳಲ್ಲಿ ಇದೇ ಮಾತು "ಬೂಟ್ ಡಿವೈಸ್ ನಾಟ್ ಫೌಂಡ್" ಅಂತ ಬರುತ್ತದೆ.

ತೀರಾ ಸಾಮಾನ್ಯ ಕಾರಣ ಪೆನ್‌ಡ್ರೈವ್. ಬಯಾಸ್ ವಿಂಡೋಸ್ ಹುಡುಕುವುದಕ್ಕೆ ಒಂದು ಸರದಿ ಇಟ್ಟುಕೊಂಡಿರುತ್ತದೆ. ಸರದಿಯಲ್ಲಿ ಯುಎಸ್‌ಬಿ ಮೊದಲಿದ್ದು, ಹಾಡು ತುಂಬಿದ ಪೆನ್‌ಡ್ರೈವ್ ಹಿಂದೆ ಚುಚ್ಚಿಕೊಂಡೇ ಇದ್ದರೆ, ಕೆಲವು ಯಂತ್ರಗಳು ಅಲ್ಲೇ ಮುಗ್ಗರಿಸುತ್ತವೆ. ಎಲ್ಲ ಕಿತ್ತು, ಕೀಬೋರ್ಡ್ ಮೌಸ್ ಮಾತ್ರ ಬಿಟ್ಟು, ಮತ್ತೆ ಆನ್ ಮಾಡಿ.

ಚಿಕ್ಕಪ್ಪನ ಬಳಿ ಪೆನ್‌ಡ್ರೈವ್ ಇರಲಿಲ್ಲ. ಹಾಗಾಗಿ ಬಯಾಸ್ ಒಳಗೇ ಹೋಗಬೇಕಾಯಿತು. ಆನ್ ಮಾಡಿದ ಕೂಡಲೇ ಒಂದು ಕೀಯನ್ನು ಟಕಟಕ ಅಂತ ಒತ್ತುತ್ತಿರಬೇಕು. ಅಂಗಡಿಯಲ್ಲಿ ಜೋಡಿಸಿಕೊಟ್ಟ ಯಂತ್ರಗಳಲ್ಲಿ ಹೆಚ್ಚಾಗಿ ಡಿಲೀಟ್, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಒಳಗೆ ಹೋದ ತಕ್ಷಣ ನಾನು ಕೇಳಿದ್ದು ಡಿಸ್ಕ್ ಬಗ್ಗೆ ಅಲ್ಲ. "ತಾರೀಖು ಎಷ್ಟು ತೋರಿಸ್ತಿದೆ, ಚಿಕ್ಕಪ್ಪ?"

"ಜನವರಿ ಒಂದು, 2014."

ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದಷ್ಟಗಲದ ಬಿಲ್ಲೆ ಬ್ಯಾಟರಿ ಇರುತ್ತದೆ, ಮೇಲೆ ಸಿಆರ್2032 ಅಂತ ಬರೆದಿರುತ್ತದೆ, 3 ವೋಲ್ಟ್. ಕಂಪ್ಯೂಟರಿಗೆ ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರ ಓಡಿಸುವುದು ಇದರ ಕೆಲಸ. ಹಳೆಯ ಯಂತ್ರಗಳಲ್ಲಿ ಬಯಾಸ್‌ನ ಸೆಟ್ಟಿಂಗ್‌ಗಳೂ ಇದರ ಆಸರೆಯಲ್ಲೇ ಉಳಿದಿರುತ್ತವೆ. ಸುಮಾರು ಐದಾರು ವರ್ಷಕ್ಕೆ ಇದು ಖಾಲಿಯಾಗುತ್ತದೆ. ಆದರೆ ಆ ದಿನವೇ ನಮಗೆ ಗೊತ್ತಾಗುವುದಿಲ್ಲ. ಏಕೆಂದರೆ ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದಷ್ಟು ಹೊತ್ತು, ಕಂಪ್ಯೂಟರ್ ಆಫ್ ಆಗಿದ್ದರೂ, ಎಸ್‌ಎಂಪಿಎಸ್‌ನಿಂದ ಸ್ವಲ್ಪ ಕರೆಂಟ್ ಮದರ್‌ಬೋರ್ಡಿಗೆ ಹೋಗುತ್ತಲೇ ಇರುತ್ತದೆ. ಆ ಕರೆಂಟಿನಲ್ಲೇ ಗಡಿಯಾರ ಓಡಿಕೊಂಡಿರುತ್ತದೆ. ಚಿಕ್ಕಪ್ಪನ ಬ್ಯಾಟರಿ ಯಾವತ್ತೋ ಸತ್ತಿತ್ತು. ಆಯುಧಪೂಜೆಗೆ ಅಂತ ವೈರ್ ಕಿತ್ತ ಆ ಕೆಲವು ಗಂಟೆಗಳಲ್ಲಿ ಬಯಾಸ್ ತನ್ನ ಸೆಟ್ಟಿಂಗ್ ಎಲ್ಲ ಮರೆತು ಕಾರ್ಖಾನೆಯಿಂದ ಬಂದ ದಿನಕ್ಕೆ ವಾಪಸ್ ಹೋಗಿತ್ತು.

ಮರೆತದ್ದರಲ್ಲಿ ಒಂದು, ವಿಂಡೋಸನ್ನು ಹುಡುಕುವ ವಿಧಾನ. ಇದರಲ್ಲಿ ಎರಡು ಬಗೆ. ಹಳೆಯದು ಲೆಗಸಿ: ಡಿಸ್ಕಿನ ಮೊಟ್ಟಮೊದಲ ಚೂರನ್ನು ಓದಿ, ಅಲ್ಲಿ ಹೇಳಿದಂತೆ ಮುಂದಕ್ಕೆ ಹೋಗುವುದು. ಹೊಸದು ಯುಇಎಫ್ಐ: ಡಿಸ್ಕಿನ ಒಂದು ಪ್ರತ್ಯೇಕ ಸಣ್ಣ ಭಾಗದಲ್ಲಿ ಗೊತ್ತಾದ ಹೆಸರಿನ ಫೈಲನ್ನು ಹುಡುಕುವುದು. ಹಳೇ ಊರಿನಲ್ಲಿ "ಅರಳಿಕಟ್ಟೆ ದಾಟಿ ಮೂರನೇ ಮನೆ" ಅಂತ ವಿಳಾಸ, ಹೊಸ ಬಡಾವಣೆಯಲ್ಲಿ ಮೇನ್, ಕ್ರಾಸ್, ಡೋರ್ ನಂಬರ್. ಅರಳಿಕಟ್ಟೆ ಊರಿಗೆ ಹೋಗಿ ಡೋರ್ ನಂಬರ್ ಕೇಳಿದರೆ ಮನೆ ಸಿಗುವುದಿಲ್ಲ, ಮನೆ ಮಾತ್ರ ಅಲ್ಲೇ ಇರುತ್ತದೆ. ಚಿಕ್ಕಪ್ಪನ ವಿಂಡೋಸ್ ಹಳೇ ವಿಧಾನದಲ್ಲಿ ಹಾಕಿದ್ದು, ಬಯಾಸ್ ಹೊಸ ವಿಧಾನದಲ್ಲಿ ಹುಡುಕುತ್ತಿತ್ತು. ಬೂಟ್ ಅನ್ನುವ ಪುಟದಲ್ಲಿ ಅದನ್ನು ಲೆಗಸಿಗೆ ಬದಲಾಯಿಸಿ, ಎಫ್10 ಒತ್ತಿ ಉಳಿಸಿದ ಮೇಲೆ ವಿಂಡೋಸ್ ಬಂತು.

ಬಯಾಸ್ ಪುಟದಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ ಕತೆ ಬೇರೆ. ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ಸಾಟಾ ಕೇಬಲ್ ಸಡಿಲವಾಗಿರಬಹುದು, ಕಿತ್ತು ಹಾಕಿ ನೋಡಿ. ಆಗಲೂ ಕಾಣದಿದ್ದರೆ ಡಿಸ್ಕೇ ಹೋಗಿರಬಹುದು.

ವಿಂಡೋಸ್ ಸುತ್ತುತ್ತಲೇ ಇದೆ

ಇಲ್ಲಿಗೆ ಬಂದಿದೆ ಅಂದರೆ ಯಂತ್ರದ ಭಾಗಗಳು ಬಹುಮಟ್ಟಿಗೆ ಸರಿ ಇವೆ ಅಂತ. ಚುಕ್ಕಿಗಳು ಗಿರಗಿರ ಸುತ್ತುತ್ತವೆ, ಮುಂದೆ ಹೋಗುವುದಿಲ್ಲ. ಇಲ್ಲವೇ ನೀಲಿ ಪರದೆ ಬಂದು ಮತ್ತೆ ಮೊದಲಿನಿಂದ ಶುರು. ವಿಂಡೋಸ್ 11ರ ಇತ್ತೀಚಿನ ಆವೃತ್ತಿಯಲ್ಲಿ ಈ ಪರದೆ ಕಪ್ಪು ಬಣ್ಣಕ್ಕೆ ತಿರುಗಿದೆ, ಅರ್ಥ ಅದೇ. ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋದರೆ ಹೀಗಾಗಬಹುದು, ಯಾವುದೋ ಡ್ರೈವರ್ ಕೆಟ್ಟರೂ ಆಗಬಹುದು. ಡ್ರೈವರ್ ಅಂದರೆ ವಿಂಡೋಸ್ ಮತ್ತು ಒಂದು ಭಾಗದ ಮಧ್ಯೆ ಮಾತು ದಾಟಿಸುವ ಚಿಕ್ಕ ಪ್ರೋಗ್ರಾಂ.

2024ರ ಜುಲೈ 19ರಂದು ಇದು ಜಗತ್ತಿನಾದ್ಯಂತ ಒಂದೇ ದಿನ ಆಯಿತು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಫೈಲಿನಲ್ಲಿ ತಪ್ಪಿತ್ತು. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದವು, ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ತಂತ್ರಾಂಶ ಕಂಪನಿಗಳಿಗೆ ಮಾರುವಂಥದ್ದು, ಹಾಗಾಗಿ ಮನೆಯ ಯಂತ್ರಗಳಿಗೆ ಅಷ್ಟಾಗಿ ತಟ್ಟಲಿಲ್ಲ. ಅಷ್ಟು ದೊಡ್ಡ ಗಲಾಟೆಗೆ ಕೈಯಿಂದ ಮಾಡಬೇಕಾಗಿದ್ದ ಪರಿಹಾರ ಮಾತ್ರ ಚಿಕ್ಕದು: ಸೇಫ್ ಮೋಡ್‌ಗೆ ಹೋಗಿ ಆ ಫೈಲ್ ಅಳಿಸುವುದು. ಸೇಫ್ ಮೋಡ್‌ನಲ್ಲಿ ವಿಂಡೋಸ್ ತೀರಾ ಬೇಕಾದ ಡ್ರೈವರ್‌ಗಳನ್ನು ಮಾತ್ರ ಎಬ್ಬಿಸುತ್ತದೆ, ತಂಟೆಕೋರ ಮಲಗಿಯೇ ಇರುತ್ತಾನೆ.

ಮನೆಯಲ್ಲಿ ಅಲ್ಲಿಗೆ ಹೋಗುವುದು ಹೇಗೆ? ವಿಂಡೋಸ್ ಲೋಗೋ ಬಂದು ಚುಕ್ಕಿ ಸುತ್ತಲು ಶುರುವಾದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪರದೆ ತೋರಿಸುತ್ತದೆ. ಅಪ್‌ಡೇಟ್ ಆಗುತ್ತಿದೆ ಅಂತ ಶೇಕಡಾ ಲೆಕ್ಕ ಕಾಣುತ್ತಿದ್ದರೆ ಮಾತ್ರ ಹೀಗೆ ಮಾಡಬೇಡಿ. ಹಳೇ ಯಂತ್ರದಲ್ಲಿ ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ಸುಮ್ನೆ ಬಿಟ್ಟುಬಿಡಿ. ರಿಪೇರಿ ಪರದೆಯಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್. ಮೊದಲು ಸ್ಟಾರ್ಟಪ್ ರಿಪೇರ್ ಒತ್ತಿ. ಆಗದಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಆಮೇಲೆ ಸಿಸ್ಟಂ ರಿಸ್ಟೋರ್. ಸೇಫ್ ಮೋಡ್ ಬೇಕಾದರೆ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಕೊಟ್ಟು 4 ಒತ್ತಿ. "ರೀಸೆಟ್ ದಿಸ್ ಪಿಸಿ" ಕೊನೆಯ ದಾರಿ. ಅದರಲ್ಲಿ ಫೈಲ್ ಉಳಿಸಿಕೊಳ್ಳುವ ಆಯ್ಕೆ ಇದೆ, ಆದರೆ ನುಡಿ, ಟ್ಯಾಲಿ ಥರದ ನೀವೇ ಹಾಕಿಕೊಂಡ ಪ್ರೋಗ್ರಾಂಗಳೆಲ್ಲ ಹೋಗುತ್ತವೆ.

ಈ ದಾರಿಯಲ್ಲಿ, ಅಥವಾ ಬಯಾಸ್ ಸೆಟ್ಟಿಂಗ್ ಮುಟ್ಟಿದಾಗ, ಹೊಸ ಲ್ಯಾಪ್‌ಟಾಪ್‌ಗಳು ಇದ್ದಕ್ಕಿದ್ದಂತೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಹೆದರಬೇಡಿ, ಯಾರೂ ಹ್ಯಾಕ್ ಮಾಡಿಲ್ಲ. ಡಿಸ್ಕಿಗೆ ಬೀಗ ಹಾಕಿದೆ, ನೀವು ಮಾಲೀಕರೇ ಅಂತ ಖಚಿತ ಮಾಡಿಕೊಳ್ಳುತ್ತಿದೆ ಅಷ್ಟೇ. ಲ್ಯಾಪ್‌ಟಾಪ್ ಮೊದಲ ಸಲ ಶುರುಮಾಡುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಲಾಗಿನ್ ಆದರೆ ಆ ಕೀ ಸಾಮಾನ್ಯವಾಗಿ ಅಲ್ಲಿರುತ್ತದೆ. ಯಾವ ಇಮೇಲ್ ಕೊಟ್ಟಿದ್ದಿರಿ ಅಂತ ಈಗಲೇ ನೆನಪು ಮಾಡಿಕೊಳ್ಳಿ. ಕೀ ಇಲ್ಲದಿದ್ದರೆ ಆ ಡಿಸ್ಕಿನ ಫೈಲ್‌ಗಳನ್ನು ಯಾರೂ ತೆಗೆದುಕೊಡಲಾರರು.

ಫೋಟೊಗಳ ಕತೆ ಏನು

ಕಂಪ್ಯೂಟರ್ ಸತ್ತರೆ ಮದುವೆ ಫೋಟೊಗಳೂ ಹೋದವು ಅಂತ ಅಳುವವರನ್ನು ನೋಡಿದ್ದೇನೆ. ಫೋಟೊ ಇರುವುದು ಡಿಸ್ಕಿನಲ್ಲಿ. ಎಸ್‌ಎಂಪಿಎಸ್, ರ‍್ಯಾಮ್, ಮದರ್‌ಬೋರ್ಡ್ ಯಾವುದು ಹೋದರೂ ಡಿಸ್ಕ್ ಹೆಚ್ಚಾಗಿ ಹಾಗೇ ಇರುತ್ತದೆ. ಬೀಗ ಹಾಕಿರದ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಬೇರೆ ಕಂಪ್ಯೂಟರಿಗೆ ಪೆನ್‌ಡ್ರೈವ್ ಥರ ಚುಚ್ಚಿ ಫೈಲ್ ತೆಗೆದುಕೊಳ್ಳಬಹುದು. ಆದರೆ ಹಳೇ ಹಾರ್ಡ್‌ಡಿಸ್ಕಿನಿಂದ ಕಟಕ್ ಕಟಕ್ ಅಂತ ಒಂದೇ ಸಮ ಶಬ್ದ ಬರುತ್ತಿದ್ದರೆ ಆ ಕ್ಷಣವೇ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಒಳಗೆ ಓದುವ ಮುಳ್ಳು ಜಾಗ ಸಿಗದೆ ತಡಕಾಡುತ್ತಿರುತ್ತದೆ, ಓಡಿಸಿದಷ್ಟೂ ಹಾನಿ ಜಾಸ್ತಿ.

ಅಂಗಡಿಗೆ ಒಯ್ಯಲೇಬೇಕಾದರೆ "ಆನ್ ಆಗ್ತಿಲ್ಲ" ಅನ್ನಬೇಡಿ. "ಫ್ಯಾನ್ ತಿರುಗುತ್ತೆ, ಲೋಗೋ ಬರಲ್ಲ, ರ‍್ಯಾಮ್ ಉಜ್ಜಿ ನೋಡಿದೀನಿ" ಅನ್ನಿ. ಪರದೆಯಲ್ಲಿ ಏನಾದರೂ ಬರೆದು ಬಂದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. ಫಾರ್ಮ್ಯಾಟ್ ಮಾಡಬೇಕು, ಅಂದರೆ ಡಿಸ್ಕ್ ಅಳಿಸಬೇಕು ಅಂತ ಅವರು ಹೇಳಿದರೆ, ಮೊದಲು ಫೈಲ್ ತೆಗೆದುಕೊಡಿ ಅಂತ ಬಾಯಿಬಿಟ್ಟು ಹೇಳಿ.

ಚಿಕ್ಕಪ್ಪನ ಮನೆಯಲ್ಲಿ ವಿಂಡೋಸ್ ಬಂದ ಮೇಲೂ ಒಂದು ಉಳಿದಿತ್ತು. ಯಾವ ವೆಬ್‌ಸೈಟ್ ತೆರೆದರೂ "ಸುರಕ್ಷಿತ ಅಲ್ಲ" ಅಂತ ಕೆಂಪು ಎಚ್ಚರಿಕೆ. ಅದಕ್ಕೂ ಕಾರಣ ಅದೇ ಬ್ಯಾಟರಿ. ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಬಸ್ ಪಾಸ್ ಥರ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಪ್ರಮಾಣಪತ್ರ ಇರುತ್ತದೆ. ಕಂಪ್ಯೂಟರ್ ಇನ್ನೂ 2014ರಲ್ಲೇ ಇದ್ದುದರಿಂದ ಎಲ್ಲ ಪಾಸೂ ಇನ್ನೂ ಶುರುವಾಗದವು. ತಾರೀಖು ಸರಿ ಮಾಡಿದರೆ ಎಚ್ಚರಿಕೆ ಮಾಯ, ಆದರೆ ಮುಂದಿನ ಸಲ ಪ್ಲಗ್ ಕಿತ್ತರೆ ಮತ್ತೆ ಅದೇ ಹಾಡು. ಸಂಜೆ ತಂಗಿ ವಾಚ್ ರಿಪೇರಿ ಅಂಗಡಿಯಿಂದ ಹೊಸ ಬಿಲ್ಲೆ ತಂದು, ಅಕ್ಷರ ಇರುವ ಮುಖ ಮೇಲೆ ಬರುವ ಹಾಗೆ ಹಾಕಿ, ಬಯಾಸ್‌ನಲ್ಲಿ ತಾರೀಖು, ಲೆಗಸಿ ಎರಡನ್ನೂ ಇನ್ನೊಂದು ಸಲ ಉಳಿಸಿ, ಹಳೆಯ ಬಿಲ್ಲೆಯ ಫೋಟೊ ಕಳಿಸಿದಳು. ಜೊತೆಗೆ ಚಿಕ್ಕಪ್ಪನ ಒಂದು ಪ್ರಶ್ನೆ: ಮುಂದಿನ ವರ್ಷ ವೈರ್ ಕೀಳದೇನೇ ಪೂಜೆ ಮಾಡಬಹುದಾ ಅಂತ.